ಬಚ್ಚಲಿಗೊಂದು ಗಾಜಿನ ಬಾಗಿಲು

ಬಚ್ಚಲ ಬಾಗಿಲನ್ನು ಕುರಿತು ಮಾತನಾಡುವುದಕ್ಕೆ ಏನಿದೆ ಎಂದು ಕೆಲವರಿಗೆ ಅನ್ನಿಸಬಹುದು. ತಲೆಬಾಗಿಲಿಗೆ, ದೇವರ ಮನೆಯ ಬಾಗಿಲಿಗೆ ನಮ್ಮಲ್ಲಿ ಸಲ್ಲುವ ಗೌರವ ಅದಕ್ಕೆ ಎಂದೂ ಸಂದಿಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವ ಕೈ ಬಚ್ಚಲ ಕಡೆಗೆ ಸುಳಿಯುವುದಿಲ್ಲ. ಆದರೂ ಮನೆಯ ಹಿರಿಯರು ಕಿರಿಯರೆಲ್ಲ ಬರಿಗಾಲಿನಲ್ಲಿ, ಒದ್ದೆ ಮೈಯಲ್ಲಿ ಹಾಯುವ ಬಾಗಿಲು ಅದೊಂದೇ. ಈಚಿನ ವರ್ಷಗಳಲ್ಲಿ ಹಳೆಯ ಮನೆಯನ್ನು ಹೊಸದು ಮಾಡಿಸುವವರು ಬಚ್ಚಲೊಳಗೆ ಮತ್ತೊಂದು ಬಾಗಿಲನ್ನು, ಗಾಜಿನ ಬಾಗಿಲನ್ನು, ಇರಿಸಿಕೊಳ್ಳುತ್ತಿದ್ದಾರೆ. ಷವರಿನ ನೀರು ಕೋಣೆಯ ತುಂಬ ಸಿಡಿಯದಂತೆ ತಡೆಯುವ ಬಾಗಿಲು ಅದು. ನಮ್ಮ ಮನೆಯಲ್ಲಿಯೂ ಕಳೆದ ವರ್ಷ ಈ ಕೆಲಸ ನಡೆದುದರಿಂದ ಅದರ ಒಳಹೊರಗನ್ನು ಸ್ವಲ್ಪ ವಿಚಾರಿಸಿ ತಿಳಿಯುವ ಸಂದರ್ಭ ನನಗೆ ಒದಗಿತು.

ಮೊದಲು, ಈ ಬಾಗಿಲು ಏಕೆ ಬೇಕು ಎಂಬ ಪ್ರಶ್ನೆ. ನಾವು ಹುಡುಗರಾಗಿದ್ದಾಗ ಕಂಡ ಬಚ್ಚಲುಮನೆಯಲ್ಲಿ ಒಂದು ಮೂಲೆಗೆ ಒಲೆಯ ಮೇಲೆ ಹೂತ ಹಂಡೆ; ಅದರ ಪಕ್ಕದಲ್ಲಿ ಕಲ್ಲು ಹಾಸಿದ ತಗ್ಗು; ತಗ್ಗಿನ ಸುತ್ತ ಗೇಣುದ್ದದ ಕಟ್ಟೆ. ಮೀಯುವ ನೀರೆಲ್ಲ ಆ ಕಟ್ಟೆಯೊಳಗೇ ಹರಿದು ಹೋಗುತ್ತಿತ್ತು. ಸೌದೆ ಇಡುವ, ಬಟ್ಟೆ ಬದಲಿಸುವ ಜಾಗ ಒಣಗಿಯೇ ಇರುತ್ತಿತ್ತು. ಆಮೇಲೆ ಬಂದ ನಗರದ ಮನೆಗಳಲ್ಲಿ ಸ್ನಾನ, ಶೌಚ, ಮುಖ ತೊಳೆಯುವ ತೊಟ್ಟಿ ಎಲ್ಲವೂ ಒಂದೇ ನೆಲದ ಮೇಲೆ ಬಂದವು, ಕಟ್ಟೆ ಮಾಯವಾಯಿತು. ಒಬ್ಬರು ಸ್ನಾನ ಮಾಡಿದರೆ ನುಣುಪು ಟೈಲ್ಸಿನ ನೆಲವೆಲ್ಲ ಒದ್ದೆ. ಆ ನೆಲದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ನಮ್ಮಲ್ಲಿ ಯಾರು ಕಂಡಿಲ್ಲ? ಆದ್ದರಿಂದ ಗಾಜಿನ ಬಾಗಿಲೆಂದರೆ ಮರೆತುಹೋದ ಆ ಕಟ್ಟೆಯ ಮರುಹುಟ್ಟು ಎನ್ನಬಹುದು. ನೆಲವನ್ನು ಒಣಗಿಸಿ ಕಾಲನ್ನು ಕಾಯುವುದು ಅದರ ಮೊದಲ ಕೆಲಸ, ಅಂದ ಆಮೇಲಿನದು.

ಇನ್ನು ಗಾಜಿನ ಮಾತು. ಕಿಟಕಿಗೆ ಹಾಕುವ ಸಾಮಾನ್ಯ ಗಾಜು ಇಲ್ಲಿ ಸಲ್ಲದು. ಒಡೆದರೆ ಅದು ಕತ್ತಿಯಂತಹ ಚೂರುಗಳಾಗುತ್ತದೆ. ಅಂಗಡಿಯವರು ‘ಟಫನ್ಡ್’ ಎನ್ನುವ ಗಾಜು ಬೇಕು. ಅದನ್ನು ನಾವು ಹದಗಾಜು ಎಂದು ಕರೆಯೋಣ. ಇದರ ಗುಟ್ಟು ತಿಳಿಯಬೇಕಾದರೆ ಹದಿನೇಳನೆಯ ಶತಮಾನದ ಒಂದು ಕೌತುಕವನ್ನು ನೆನೆಯಬೇಕು. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಬಾಲವುಳ್ಳ ಗೊದಮೊಟ್ಟೆಯ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ. ಬಾಲದ ತುದಿಯನ್ನು ಚಿವುಟಿದರೆ ಸಾಕು, ಇಡೀ ಹನಿ ಒಮ್ಮೆಗೇ ಪುಡಿಪುಡಿ. ರಾಜಕುಮಾರ ರೂಪರ್ಟನ ಹೆಸರಿನಿಂದ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾದ ಈ ಹನಿಗಳನ್ನು ಕುರಿತು ರಾಬರ್ಟ್ ಹುಕ್ 1665ರಲ್ಲಿ ಪ್ರಕಟವಾದ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಬರೆದಿದ್ದಾನೆ. ಹದಗಾಜು ಈ ಹನಿಯ ಕುಲಕ್ಕೆ ಸೇರಿದ್ದು. ಗಾಜಿನ ಹಲಗೆಯನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಮೈಗೆ ತಂಗಾಳಿಯನ್ನು ರಭಸದಿಂದ ಊದುತ್ತಾರೆ. ಹೊರಮೈ ಮೊದಲು ಬಿಗಿಯುತ್ತದೆ. ಒಡಲು ನಿಧಾನವಾಗಿ ತಣಿದು ಕುಗ್ಗುತ್ತ ಹೊರಮೈಯನ್ನು ಒಳಕ್ಕೆ ಸೆಳೆಯುತ್ತದೆ. ಈ ಒಳಸೆಳೆತದಿಂದಲೇ ಸಾಮಾನ್ಯ ಗಾಜಿನ ನಾಲ್ಕರಷ್ಟು ಬಲ ಬರುತ್ತದೆ. ಒಡೆದಾಗ ಹರಳುಪ್ಪಿನಂತಹ ಮೊಂಡು ತುಣುಕುಗಳಾಗಿ ಉದುರುವುದೂ ಅದರಿಂದಲೇ. ಅದರ ಬಲವೂ ದೌರ್ಬಲ್ಯವೂ ಒಂದೇ ಬೇರಿನಿಂದ ಹುಟ್ಟಿದವು.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕೆಲಸದವರು ಹೇಳುವ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಹದಮಾಡಿದ ಮೇಲೆ ಈ ಗಾಜನ್ನು ಕೊಯ್ಯುವಂತಿಲ್ಲ, ತೂತು ಕೊರೆಯುವಂತಿಲ್ಲ. ಆದ್ದರಿಂದ ಗೋಡೆಗೆ, ನೆಲಕ್ಕೆ ಟೈಲ್ಸ್ ಕೂಡಿಸಿ ಮುಗಿದ ಮೇಲೆಯೇ ಅಳತೆ ತೆಗೆಯಬೇಕು. ನಕ್ಷೆ ನೋಡಿ ಮೊದಲೇ ಹೇಳಿ ಮಾಡಿಸಿದರೆ ಅರ್ಧ ಅಂಗುಲದ ವ್ಯತ್ಯಾಸಕ್ಕೆ ಇಡೀ ಬಾಗಿಲು ವ್ಯರ್ಥವಾಗುತ್ತದೆ. ರೂಪರ್ಟನ ಹನಿಗೆ ಬಾಲವಿದ್ದಂತೆ ಹದಗಾಜಿಗೆ ಅಂಚು ಮತ್ತು ಮೂಲೆ. ನಡುವೆ ಮೊಣಕೈ ತಗಲಿದರೆ ತಾಳಿಕೊಳ್ಳುವ ಗಾಜು ಮೂಲೆಗೆ ಕಬ್ಬಿಣದ ತುದಿ ಬಡಿದರೆ ತಾಳದು. ಕೀಲು ಹಿಡಿಯುವ ಕಡೆಯಲ್ಲಿ ಲೋಹಕ್ಕೂ ಗಾಜಿಗೂ ನಡುವೆ ರಬ್ಬರಿನ ಮೆತ್ತೆ ಇರಲೇಬೇಕು. ಗಾಜಿನ ಮೂಲೆಯಲ್ಲಿ ಅಳಿಸಲಾಗದ ಮುದ್ರೆಯಿದೆಯೇ ಎಂದು ನೋಡಬೇಕು. ಸುರಕ್ಷಿತ ಗಾಜಿಗೆ ನಮ್ಮ ದೇಶದ ಮಾನಕ ಐ.ಎಸ್. 2553. ಅಪರೂಪಕ್ಕೆ, ಗಾಜಿನಲ್ಲಿ ಸೇರಿಕೊಂಡ ನಿಕ್ಕಲ್ ಸಲ್ಫೈಡಿನ ಕಣವೊಂದು ವರ್ಷಗಳ ಅನಂತರ ಹಿಗ್ಗಿ, ಯಾರೂ ಮುಟ್ಟದಿದ್ದಾಗಲೂ ಬಾಗಿಲು ಒಡೆಯುವುದುಂಟು. ಗಾಜಿನ ಮೈಗೆ ಪಾರದರ್ಶಕವಾದ ರಕ್ಷಣಾ ಹಾಳೆಯನ್ನು ಅಂಟಿಸಿದ್ದರೆ ಆಗ ತುಣುಕುಗಳು ಬಹುಮಟ್ಟಿಗೆ ಅದಕ್ಕೇ ಅಂಟಿಕೊಂಡಿರುತ್ತವೆ.

ಚೌಕಟ್ಟಿಲ್ಲದ ಬಾಗಿಲಿಗೆ 8 ಅಥವಾ 10 ಮಿಲಿಮೀಟರ್ ದಪ್ಪದ ಗಾಜನ್ನು ಬಳಸುವುದು ವಾಡಿಕೆ. ದಪ್ಪ ಹೆಚ್ಚಿದಷ್ಟೂ ಒಳ್ಳೆಯದು ಎಂದು ಭಾವಿಸಬಾರದು. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 70 ಸೆಂಟಿಮೀಟರ್ ಅಗಲ, 2 ಮೀಟರ್ ಎತ್ತರದ ಬಾಗಿಲು 10 ಮಿಲಿಮೀಟರ್ ದಪ್ಪವಿದ್ದರೆ 35 ಕಿಲೋ. 8 ಮಿಲಿಮೀಟರಾದರೆ 28 ಕಿಲೋ. ಈ ಭಾರವೆಲ್ಲ ಎರಡು ಕೀಲುಗಳ ಮೇಲೆ. ಕೀಲಿನ ತಿರುಪು ಟೈಲ್ಸನ್ನು ದಾಟಿ ಗಟ್ಟಿ ಗೋಡೆಯೊಳಕ್ಕೆ ಇಳಿದಿರಬೇಕು.

ಬಾಗಿಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ತಿರುಗುವುದು, ಜಾರುವುದು. ಜಾರುಬಾಗಿಲು ಇಕ್ಕಟ್ಟಿನ ಜಾಗಕ್ಕೆ ಒಪ್ಪುತ್ತದೆ. ಅದರ ಹಳಿಯಲ್ಲಿ ಕೂದಲು, ಸೋಪಿನ ಜಿಡ್ಡು ಸೇರುವುದರಿಂದ ವಾರಕ್ಕೊಮ್ಮೆ ತೊಳೆಯುವ ಶ್ರದ್ಧೆ ಬೇಕು. ತಿರುಗುಬಾಗಿಲಾದರೆ ಅದು ಹೊರಕ್ಕೆ ತೆರೆಯಬೇಕು. ಈ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಮೆಯೇ. ಒಳಗೆ ಒಬ್ಬರು ತಲೆಸುತ್ತಿ ಬಿದ್ದರೆನ್ನಿ. ಬಾಗಿಲು ಒಳಕ್ಕೆ ತೆರೆಯುವಂಥದಾದರೆ ಬಿದ್ದವರ ದೇಹವೇ ಅದಕ್ಕೆ ಅಗುಳಿಯಾಗುತ್ತದೆ. ಅದೇ ಕಾರಣಕ್ಕೆ ಗಾಜಿನ ಬಾಗಿಲಿಗೆ ಚಿಲಕವೂ ಬೇಡ. ಮರೆಗೆ ಹೊರಗಿನ ಬಾಗಿಲಿದೆಯಷ್ಟೆ. ಅದರ ಚಿಲಕವೂ ಅಗತ್ಯ ಬಿದ್ದರೆ ಹೊರಗಿನಿಂದ ತೆಗೆಯಲು ಬರುವಂತಿರಲಿ.

ನಮ್ಮ ಮನೆಯಲ್ಲಿ ಎಂಬತ್ತೇಳು ವರ್ಷದ ನನ್ನ ತಾಯಿ ಇದ್ದಾರೆ. ಅವರು ಷವರಿನ ಕೆಳಗೆ ನಿಂತು ಮೀಯುವವರಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಬಕೆಟ್ಟಿನಿಂದ ಚೊಂಬಿನಲ್ಲಿ ತೋಡಿ ಹಾಕಿಕೊಳ್ಳಬೇಕು. ಬೆನ್ನಿಗೆ ನೀರೆರೆಯಲು ನನ್ನ ಹೆಂಡತಿ ಪಕ್ಕದಲ್ಲಿ ನಿಲ್ಲಬೇಕು. ಅಂಗಡಿಯಲ್ಲಿ ನಮಗೆ ತೋರಿಸಿದ್ದು ಮೂರಡಿ ಚೌಕದ, ಮೂರು ಕಡೆ ಗಾಜಿನ ಪೆಟ್ಟಿಗೆ. ನೋಡಲು ಸೊಗಸಾಗಿತ್ತು. “ಇದರೊಳಗೆ ನಾನು ಕೂತರೆ ನೀನು ಎಲ್ಲಿ ನಿಲ್ಲುತ್ತೀಯಮ್ಮ?” ಎಂದು ಅದರ ಚಿತ್ರ ನೋಡಿದ ಅಮ್ಮ ಸೊಸೆಯನ್ನು ಕೇಳಿದರು. ಆ ಪ್ರಶ್ನೆಗೆ ಅಂಗಡಿಯ ಚಿತ್ರಪುಸ್ತಕದಲ್ಲಿ ಉತ್ತರವಿರಲಿಲ್ಲ. ಕೊನೆಗೆ ನಾವು ಒಂದು ಕಡೆಗೆ ಅಲುಗದ ಗಾಜಿನ ಹಲಗೆಯನ್ನೂ ಇನ್ನೊಂದು ಕಡೆಗೆ ಹೊರಕ್ಕೆ ಪೂರ್ತಿ ತೆರೆದು ಗೋಡೆಗೆ ಒರಗುವ ಅಗಲದ ಬಾಗಿಲನ್ನೂ ಹಾಕಿಸಿದೆವು. ಎಡವುವ ಹೊಸ್ತಿಲಿಲ್ಲ, ನೆಲದ ಇಳಿಜಾರೇ ನೀರನ್ನು ಒಳಕ್ಕೆ ಎಳೆಯುತ್ತದೆ. ಹಿಡಿದು ಏಳಲು ಗೋಡೆಗೆ ಉಕ್ಕಿನ ಹಿಡಿಯಿದೆ. ಗಾಜಿನ ಬಾಗಿಲ ಹಿಡಿಯನ್ನು ಆಸರೆಯೆಂದು ನೆಚ್ಚಬಾರದು. ಅಮ್ಮನ ಸ್ನಾನದ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ಮೊಮ್ಮಕ್ಕಳ ಹೊತ್ತಿಗೆ ಮುಚ್ಚಿರುತ್ತದೆ.

ಇನ್ನು ಪಾಲನೆ. ನಮ್ಮ ಊರುಗಳಲ್ಲಿ ಗಾಜಿಗೆ ದೊಡ್ಡ ಶತ್ರು ಕೊಳವೆಬಾವಿಯ ಗಡಸುನೀರು. ಅದರಲ್ಲಿ ಕರಗಿರುವ ಸುಣ್ಣದ ಅಂಶ ಹನಿ ಆರಿದ ಕಡೆ ಬಿಳಿಯ ಕಲೆಯಾಗಿ ಉಳಿಯುತ್ತದೆ. ಸಾಬೂನಿನೊಡನೆ ಕೂಡಿ ಜಿಗುಟಾಗುತ್ತದೆ. ಬಹುಕಾಲ ಬಿಟ್ಟರೆ ಗಾಜು ಕಾಯಮ್ಮಾಗಿ ಮಂಕಾಗುತ್ತದೆ. ಮದ್ದು ಬಲು ಸುಲಭ: ಸ್ನಾನವಾದೊಡನೆ ರಬ್ಬರು ಪಟ್ಟಿಯ ವೈಪರಿನಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆಯುವುದು. ಅರ್ಧ ನಿಮಿಷದ ಕೆಲಸ. ಕಲೆ ಕುಳಿತಿದ್ದರೆ ವಿನಿಗರಿಗೆ ಸಮಪಾಲು ನೀರು ಬೆರೆಸಿ ಹಚ್ಚಿ, ಕೆಲವು ನಿಮಿಷ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಉಜ್ಜಿ ತೊಳೆಯಬಹುದು. ಆದರೆ ನೆಲಕ್ಕೆ ಕಡಪ ಕಲ್ಲೋ ಶಹಾಬಾದ್ ಕಲ್ಲೋ ಅಮೃತಶಿಲೆಯೋ ಇದ್ದರೆ ಎಚ್ಚರ. ಅವೆಲ್ಲ ಸುಣ್ಣದ ಕುಲದವು, ಹುಳಿ ತಗಲಿದರೆ ಸವೆಯುತ್ತವೆ. ಬಚ್ಚಲು ತೊಳೆಯುವ ಆಸಿಡ್ ಗಾಜಿನ ಬಳಿ ಬೇಡ. ಅದರ ಹೊಗೆಗೆ ಉಕ್ಕಿನ ಕೀಲು ಕೂಡ ತುಕ್ಕು ಹಿಡಿಯುತ್ತದೆ. ವಿನಿಗರನ್ನಾಗಲಿ ಆಸಿಡನ್ನಾಗಲಿ ಬ್ಲೀಚಿಂಗ್ ಪುಡಿಯೊಡನೆ ಎಂದೂ ಬೆರೆಸಕೂಡದು. ಹುಟ್ಟುವ ಕ್ಲೋರಿನ್ ಅನಿಲ ಪ್ರಾಣಾಪಾಯಕರ.

ಕೀಲುಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಒಳನಾಡಿಗೆ ಸಾಕು. ಮಂಗಳೂರು, ಕಾರವಾರಗಳ ಉಪ್ಪುಗಾಳಿಗೆ 316 ದರ್ಜೆ ವಾಸಿ. ಅಂಚಿನ ಪ್ಲಾಸ್ಟಿಕ್ ಪಟ್ಟಿ ಕೆಲವು ವರ್ಷಗಳಲ್ಲಿ ಹಳದಿಯಾಗಿ ಬಿರುಸಾಗುತ್ತದೆ, ಅದನ್ನಷ್ಟೇ ಬದಲಿಸಬಹುದು. ಆರು ತಿಂಗಳಿಗೊಮ್ಮೆ ತಿರುಪು ಸಡಿಲವಾಗಿದೆಯೇ, ಬಾಗಿಲು ಜೋಲುಬಿದ್ದು ಮೂಲೆ ನೆಲಕ್ಕೆ ಉಜ್ಜುತ್ತಿದೆಯೇ ಎಂದು ನೋಡಬೇಕು. ಅಂಚಿನಲ್ಲಿ ಸಣ್ಣ ಸೀಳು ಕಂಡರೂ ಆ ಬಾಗಿಲನ್ನು ಬಳಸುವುದನ್ನು ಅಂದೇ ನಿಲ್ಲಿಸಬೇಕು.

ಮನೆಯ ಗಟ್ಟಿಮುಟ್ಟಾದವರಿಗೆ ಯಾವ ಬಾಗಿಲಾದರೂ ನಡೆಯುತ್ತದೆ. ಬಾಗಿಲನ್ನು ಆರಿಸುವಾಗ ಮನೆಯಲ್ಲಿ ಎಲ್ಲರಿಗಿಂತ ನಿಶ್ಶಕ್ತರಾದವರನ್ನು, ಅದರಲ್ಲಿಯೂ ಅವರಿಗೆ ಮೈ ಸರಿಯಿಲ್ಲದ ದಿನವನ್ನು, ನೆನೆದುಕೊಳ್ಳಿ. ಅಂದು ಅವರು ಒಳಗೆ ಹೋಗಿ ಸುಖವಾಗಿ ಹೊರಗೆ ಬರುವಂತಿದ್ದರೆ ಆ ಬಾಗಿಲು ಒಳ್ಳೆಯ ಬಾಗಿಲು.