ಕೌದಿಯ ಬಟ್ಟೆ ಯಾರ ಆಯ್ಕೆ?

ಪಾವಗಡದ ಸೀಮೆಯಲ್ಲಿ ಹೊದಿಕೆಗೆ ಎರಡು ಮೂಲಗಳುಂಟು: ಒಂದು ಕುರಿಯ ಬೆನ್ನು, ಇನ್ನೊಂದು ಹೆಂಗಸರ ಹಳೆಯ ಸೀರೆ. ಮೊದಲನೆಯದರಿಂದ ಕಂಬಳಿಯಾಗುತ್ತದೆ, ಎರಡನೆಯದರಿಂದ ಕೌದಿಯಾಗುತ್ತದೆ. ಶಿರಾ, ಮಧುಗಿರಿ, ಚಳ್ಳಕೆರೆಗಳ ಸುತ್ತಿನ ಕುರುಬರು ಕರಿಯ ಉಣ್ಣೆಯಿಂದ ನೇಯ್ದ ಕಂಬಳಿಯನ್ನು ಸಂತೆಯಲ್ಲಿ ಮುಟ್ಟಿ ನೋಡಿ, ಬೆಲೆ ಕಟ್ಟಿ, ಹೆಗಲ ಮೇಲೆ ಹಾಕಿಕೊಂಡು ಬರಬಹುದು. ಕೌದಿಗೆ ಮಾತ್ರ ಸಂತೆಯಿರಲಿಲ್ಲ. ಅದು ಮನೆಯಲ್ಲಿಯೇ ಹುಟ್ಟಿ, ಮನೆಯಲ್ಲಿಯೇ ಸವೆದು, ಕಟ್ಟಕಡೆಗೆ ಒಲೆಯ ಬಳಿಯ ಮಸಿಬಟ್ಟೆಯಾಗಿ ಮುಗಿಯುತ್ತಿದ್ದ ವಸ್ತು. ಅದನ್ನು ಕೊಳ್ಳುವುದೆಂದರೆ ಮನೆಯಲ್ಲಿ ಹಳೆಯ ಬಟ್ಟೆಯೂ ಇಲ್ಲ, ಹೊಲಿಯುವ ಕೈಯೂ ಇಲ್ಲ ಎಂದು ಊರಿಗೆ ಸಾರಿದಂತೆ.

ಮೂರು ಕಡೆಯೂ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟ ಈ ತಾಲ್ಲೂಕಿನಲ್ಲಿ ಮಾತೂ ಎರಡು ಬಣ್ಣದ್ದು. ಬೀದಿಯ ಒಂದು ಬದಿಯಲ್ಲಿ ಕೌದಿಯೆನ್ನುವುದನ್ನು ಮತ್ತೊಂದು ಬದಿಯ ತೆಲುಗು ಮನೆ ಬೊಂತ ಎಂದು ಕರೆಯುತ್ತದೆ. ಬೊಂತೆಯೆಂಬುದು ಹಳೆಯ ಕನ್ನಡದ ಮಾತೂ ಹೌದು. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲಿಯೇ ಅದು ಸೇರಿಕೊಂಡಿದೆ. ದಿಗಂಬರೆಯಾಗಿ ನಡೆದ ಆಕೆಗೆ ಶಿವನು ಬೊಂತೆಯನ್ನು ಹೊದಿಸಿದನೆಂದು ಕಥೆ. ರೇಷ್ಮೆಯನ್ನಲ್ಲ, ಪೀತಾಂಬರವನ್ನಲ್ಲ, ತೇಪೆಯ ಹೊದಿಕೆಯನ್ನು ಕೊಟ್ಟನೆಂಬುದನ್ನು ವಾಚಕರು ಗಮನಿಸಬೇಕು.

ಇಂಥ ವಸ್ತುವಿಗೂ ಈಗ ಪೆಟ್ಟಿಗೆ ಬಂದಿದೆ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಕೌದಿ ಹೊಲಿಯಬೇಕೆಂದು ಮನಸ್ಸು ಮಾಡಿದರೆ, ಫೋನಿನಲ್ಲಿ ಹೇಳಿಕಳುಹಿಸಿದ ನಾಲ್ಕು ದಿನಕ್ಕೆ ಒಂದು ಪೊಟ್ಟಣ ಮನೆ ಬಾಗಿಲಿಗೆ ಬರುತ್ತದೆ. ಅದಕ್ಕೆ ‘ಕಿಟ್’ ಎಂದು ಹೆಸರು. ಅಳತೆಗೆ ಸರಿಯಾಗಿ ಕತ್ತರಿಸಿದ ಚೌಕಗಳು, ಒಂದಕ್ಕೊಂದು ಒಪ್ಪುವ ಬಣ್ಣಗಳು, ಹಿಂಬದಿಯ ಬಟ್ಟೆ, ಸೂಜಿ, ದಾರ, ಯಾವ ಚೌಕ ಎಲ್ಲಿ ಕೂರಬೇಕೆಂಬ ನಕ್ಷೆ, ಎಲ್ಲವೂ ಅದರಲ್ಲಿರುತ್ತವೆ. ಇಲ್ಲದಿರುವುದು ಹೊಲಿಯುವವಳ ಬುದ್ಧಿಗೆ ಕೆಲಸವೊಂದೇ ಎಂದು ಹಳಬರು ನಗುತ್ತಾರೆ. ಆ ನಗೆ ಪೂರ್ತಿ ನ್ಯಾಯವಾದುದಲ್ಲ.

ಏಕೆಂದರೆ ಕಿಟ್ಟಿನ ಬಟ್ಟೆಗೆ ಒಂದು ದೊಡ್ಡ ಗುಣವುಂಟು. ಅದರ ಚೂರುಗಳೆಲ್ಲ ಸಾಮಾನ್ಯವಾಗಿ ಒಂದೇ ಜಾತಿಯವು, ಒಂದೇ ವಯಸ್ಸಿನವು. ನೀರಿಗೆ ಹಾಕಿದಾಗ ಕುಗ್ಗಿದರೆ ಎಲ್ಲವೂ ಕುಗ್ಗುತ್ತವೆ. ಸವೆದರೆ ಒಟ್ಟಿಗೆ ಸವೆಯುತ್ತವೆ. ಹೊಲಿಗೆಯನ್ನೇ ಅರಿಯದವಳು ಅದರ ಮೇಲೆ ಕೈ ಪಳಗಿಸಿಕೊಳ್ಳಬಹುದು. ತನ್ನದೇ ಬಟ್ಟೆಯನ್ನು ಆರಿಸಿಕೊಳ್ಳುತ್ತೇನೆಂದು ಹೊರಟವಳು ಹೊಸ ಗಿರಣಿ ಬಟ್ಟೆಯ ಮಗ್ಗುಲಲ್ಲಿ ಇಪ್ಪತ್ತು ವರ್ಷದ ಸೀರೆಯ ತುಂಡನ್ನಿಟ್ಟು ಹೊಲಿದರೆ, ಮೊದಲ ಒಗೆತಕ್ಕೆ ಹೊಸತು ಕುಗ್ಗಿ ಹಳತನ್ನು ಎಳೆಯುತ್ತದೆ. ಹಳತು ನೂಲು ಬಿಡುತ್ತದೆ. ಮನಸ್ಸಿಗೆ ಬಂದುದನ್ನೆಲ್ಲ ಒಟ್ಟಿಗೆ ಸೇರಿಸುವುದೇ ಆಯ್ಕೆಯೆಂದು ತಿಳಿದವರಿಗೆ ಕೌದಿಯೇ ಪಾಠ ಕಲಿಸುತ್ತದೆ.

ಈ ಪೆಟ್ಟಿಗೆಯ ವ್ಯಾಪಾರವೇನೂ ಹೊಸದಲ್ಲ. ಅಮೆರಿಕದ ಇಂಡಿಯಾನಾ ಪ್ರಾಂತದ ಮೇರಿಯನ್ ಎಂಬ ಊರಿನಲ್ಲಿದ್ದ ಮೇರಿ ವೆಬ್‌ಸ್ಟರ್ ಎಂಬ ಗೃಹಿಣಿಯ ಕೌದಿಗಳು 1911ರಲ್ಲಿ ಅಲ್ಲಿನ ಹೆಸರಾಂತ ಮಹಿಳಾ ಪತ್ರಿಕೆಯೊಂದರಲ್ಲಿ ಬಣ್ಣದಲ್ಲಿ ಅಚ್ಚಾದವು. 1915ರಲ್ಲಿ ಆಕೆ ಕೌದಿಗಳ ಚರಿತ್ರೆಯನ್ನು ಪುಸ್ತಕವಾಗಿ ಬರೆದಳು. 1921ರಲ್ಲಿ ಗೆಳತಿಯರೊಡನೆ ಸೇರಿ ನಕ್ಷೆಗಳನ್ನೂ ಕತ್ತರಿಸಿದ ಬಟ್ಟೆಯ ಪೊಟ್ಟಣಗಳನ್ನೂ ಮಾರುವ ಅಂಗಡಿಯನ್ನು ನಡೆಸಿದಳು. ಮನೆಯಿಂದಲೇ ಉದ್ಯಮ ಕಟ್ಟಿದ ಆ ಹೆಂಗಸಿನ ಸಾಹಸವನ್ನು ಮೆಚ್ಚಲೇಬೇಕು. ಆದರೆ ಆಕೆಯ ಪೊಟ್ಟಣವನ್ನು ಕೊಂಡು ಹೊಲಿದವರ ಹೆಸರುಗಳನ್ನು ಬಲ್ಲವರಾರು? ಹೊದಿಕೆ ಉಳಿದಲ್ಲಿ ಅದನ್ನು ‘ವೆಬ್‌ಸ್ಟರ್ ಮಾದರಿ’ ಎನ್ನುತ್ತಾರೆ.

1933ರಲ್ಲಿ ಷಿಕಾಗೋ ಜಾಗತಿಕ ಮೇಳದ ಸಂದರ್ಭದಲ್ಲಿ ಸಿಯರ್ಸ್ ಕಂಪನಿಯು ನಡೆಸಿದ ಕೌದಿ ಸ್ಪರ್ಧೆಯ ಕಥೆ ಇನ್ನೂ ವಿಚಿತ್ರವಾದುದು. 24,000ಕ್ಕೂ ಹೆಚ್ಚು ಕೌದಿಗಳು ಬಂದವು. ಹಸಿವಿನ ಕಾಲ, ಮೊದಲ ಬಹುಮಾನ ಸಾವಿರ ಡಾಲರು. ಅದು ಕೆಂಟಕಿಯ ಒಬ್ಬಾಕೆಗೆ ಸಂದಿತು. ಕೌದಿಯನ್ನು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರಿಗೆ ಅರ್ಪಿಸಿದರು. ಬಹುಕಾಲದ ಮೇಲೆ ಶೋಧಕರು ಕಂಡುಕೊಂಡ ಸಂಗತಿಯೆಂದರೆ, ಬಹುಮಾನ ಪಡೆದಾಕೆ ಅದರಲ್ಲಿ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಹೊಲಿದವರು ಕೂಲಿಯ ಹೆಂಗಸರು. ಬಹುಮಾನದಲ್ಲಿ ಅವರಿಗೆ ಪಾಲು ಬರಲಿಲ್ಲ. ಕೆಲಸ ಹೋದೀತೆಂಬ ಅಂಜಿಕೆಯಿಂದ ಅವರು ಬಾಯಿ ಬಿಡಲೂ ಇಲ್ಲ. ಬಟ್ಟೆ ಆರಿಸುವವರೊಬ್ಬರು, ಹೊಲಿಯುವವರೊಬ್ಬರು, ಹೆಸರು ಪಡೆಯುವವರು ಮತ್ತೊಬ್ಬರು ಎಂದಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಅದಂತಿರಲಿ. ನಮ್ಮ ಅಜ್ಜಿಯರು ಬಟ್ಟೆಯನ್ನು ಆರಿಸುತ್ತಿದ್ದರೆ? ಇಂದಿನವರು ಅಂದುಕೊಳ್ಳುವಂತೆ ಅಂಗಡಿಯಲ್ಲಿ ಹತ್ತು ಥಾನು ಬಿಚ್ಚಿಸಿ ಆರಿಸುವ ಆಯ್ಕೆ ಅವರಿಗಿರಲಿಲ್ಲ. ವರ್ಷಕ್ಕೆ ಎರಡು ಸೀರೆ ಕಂಡರೆ ಹೆಚ್ಚು. ಮಳೆ ನೆಚ್ಚಲಾಗದ, ಕಡಲೆಕಾಯಿ ಬೆಳೆಯನ್ನು ನಂಬಿದ ನೆಲದಲ್ಲಿ ಬೆಳೆ ಕೈಕೊಟ್ಟ ವರ್ಷ ಆ ಎರಡೂ ಇಲ್ಲ. ಉಟ್ಟ ಸೀರೆ ಮೊದಲು ನಡುವಿನಲ್ಲಿ ತೆಳುವಾಗುತ್ತದೆ. ಆಗ ಅದನ್ನು ನಡುವೆ ಸೀಳಿ, ಅಂಚುಗಳನ್ನು ಕೂಡಿಸಿ ಹೊಲಿದು ಇನ್ನೊಂದು ವರ್ಷ ಉಡುವರು. ಆಮೇಲೆ ತೊಟ್ಟಿಲಿಗೆ, ಆಮೇಲೆ ಕೂಸಿನ ಒಳಬಟ್ಟೆಗೆ. ಉಳಿದ ಗಟ್ಟಿ ಭಾಗವೇ ಕೌದಿಗೆ ಬರುವುದು. ಅಂದಮೇಲೆ ಅವರ ಆಯ್ಕೆಯಿದ್ದುದು ಕೊಳ್ಳುವುದರಲ್ಲಲ್ಲ. ಯಾವುದನ್ನು ಇನ್ನೂ ಉಳಿಸಬೇಕು, ಯಾವುದನ್ನು ಕತ್ತರಿಸಬಹುದು, ಯಾವುದರ ಬಲವನ್ನು ಯಾವುದರ ಪಕ್ಕದಲ್ಲಿ ಇಡಬೇಕು ಎಂಬುದರಲ್ಲಿ. ಸೆರಗಿನ ಗಟ್ಟಿ ಪಟ್ಟಿ ಅಂಚಿಗೆ, ಮೆತ್ತಗಾದ ಒಡಲು ಒಳಪದರಕ್ಕೆ, ಬಣ್ಣ ಉಳಿದ ಕುಪ್ಪಸದ ಚೂರು ಮೇಲಕ್ಕೆ. ಕಾಲಿನ ಬಳಿ ಬೇಗ ಸವೆಯುವುದರಿಂದ ಅಲ್ಲಿಗೆ ಪಂಚೆಯ ದಪ್ಪ ತುಂಡು.

ಲೆಕ್ಕವೂ ಅವರಿಗೆ ಗೊತ್ತಿತ್ತು. 7 ಅಡಿ ಉದ್ದ, 5 ಅಡಿ ಅಗಲದ ಕೌದಿಗೆ ಒಂದು ಪದರವೆಂದರೆ 35 ಚದರಡಿ. ಅಜ್ಜಿಯ ಹದಿನೆಂಟು ಮೊಳದ ಸೀರೆಯೊಂದೇ ಹೆಚ್ಚುಕಡಿಮೆ ಮೂರು ಪದರ ಕೊಡುತ್ತಿತ್ತು. ಇಂದಿನ ಐದೂವರೆ ಗಜದ ಸೀರೆ ಎರಡು ಪದರಕ್ಕೂ ಸಾಲದು. ಮೇಲ್ಪದರಕ್ಕೆ ಐದಂಗುಲದ ಚೌಕಗಳನ್ನು ಹಚ್ಚುವುದಾದರೆ ಇನ್ನೂರಕ್ಕೆ ಮೇಲೆ ಚೂರುಗಳು ಬೇಕು. ಈ ಇನ್ನೂರು ಚೂರುಗಳು ಒಂದೇ ದಿನ ಕೂಡಿಬರುವುದಿಲ್ಲ. ಅಟ್ಟದ ಮೇಲಿನ ಗಂಟಿನಲ್ಲಿ ಆರೇಳು ವರ್ಷ ಬೆಳೆಯುತ್ತವೆ; ಹೀಗೆ ಬೆಳೆದ ಗಂಟು ಒಂದು ಸಂಸಾರದ ದಿನಚರಿಯಂತೆ ಆಗಿಬಿಟ್ಟಿರುತ್ತದೆ. ಮದುವೆಯ ಸೀರೆಯ ಕೊನೆಯ ತುಂಡು, ಶಾಲೆಗೆ ಹೋದ ಹುಡುಗನ ಅಂಗಿ, ಊರು ಬಿಟ್ಟು ಹೋದವನ ಪಂಚೆ. ತೀರಿಕೊಂಡವರ ಸೀರೆಯನ್ನು ಕೌದಿಗೆ ಸೇರಿಸುವ ಮನೆಗಳುಂಟು, ಕೂಡದೆನ್ನುವ ಮನೆಗಳೂ ಉಂಟು. ಸೇರಿಸುವವರ ಮನೆಯಲ್ಲಿ ಮೊಮ್ಮಕ್ಕಳು ಕಂಡರಿಯದ ಅಜ್ಜಿಯ ಸೆರಗನ್ನು ಹೊದ್ದು ಮಲಗುತ್ತಾರೆ.

ಹೆಣ್ಣುಮಗಳೊಬ್ಬಳು ಪೇಟೆಯಿಂದ ಕಿಟ್ಟಿನ ಕೌದಿಯನ್ನು ಹೊಲಿದು ತಂದು, ಪಾವಗಡದಲ್ಲಿರುವ ತನ್ನ ದೊಡ್ಡಮ್ಮನಿಗೆ ತೋರಿಸಿದಳು. ಆಕೆ ಹಿಂದು ಮುಂದು ತಿರುವಿ ಕೇಳಿದಳು:

“ಹೊಲಿಗೆ ಸಣ್ಣದಾಗಿ ಬಂದಿದೆ ಕಣಮ್ಮ. ಯಾರ್ಯಾರ ಬಟ್ಟೆ ಇದು?”

“ಯಾರದೂ ಅಲ್ಲ ದೊಡ್ಡಮ್ಮ, ಎಲ್ಲ ಹೊಸದು.”

“ಹಾಗಾದರೆ ಇನ್ನೂ ನಾಲ್ಕು ನೀರು ಕಾಣಲಿ. ಆಮೇಲೆ ಕೂಸಿಗೆ ಹೊದಿಸು. ಈಗ ಮೈ ಗೀರುತ್ತೆ.”

ದೊಡ್ಡಮ್ಮನ ಮಾತಿನಲ್ಲಿ ಮನಸ್ಸು ಕರಗಿಸುವ ಯಾವ ಭಾವುಕತೆಯೂ ಇರಲಿಲ್ಲ. ಗಂಜಿಯ ಹೊಸ ಬಟ್ಟೆ ಎಳೆಯ ಮೈಗೆ ಒರಟು ಎಂಬ ಅನುಭವವಿತ್ತು. ಹುಟ್ಟಿದ ಕೂಸನ್ನು ಹಳೆಯ ಮೆತ್ತನೆಯ ಬಟ್ಟೆಯಲ್ಲಿಯೇ ಸುತ್ತಬೇಕೆಂಬ ನಮ್ಮ ಮನೆಗಳ ರೂಢಿ ಬಡತನದಿಂದಲೇ ಬಂದುದೆಂದು ಹೇಳುವವರು ಈ ಮಾತನ್ನು ಕೇಳಬೇಕಿತ್ತು.

ಕೌದಿಗೆ ನಿಜವಾದ ಹಗೆ ಕಿಟ್ಟಲ್ಲ, ಪಾಲಿಯೆಸ್ಟರು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನೈಲಾನು, ಪಾಲಿಯೆಸ್ಟರು ಸೀರೆಗಳು ಹಳ್ಳಿಗೆ ಬಂದಮೇಲೆ ಹೆಂಗಸರಿಗೆ ಒಗೆಯುವ ಕಷ್ಟ ಕಡಿಮೆಯಾಯಿತು, ಬಣ್ಣ ಮಾಸುವ ಚಿಂತೆ ತಪ್ಪಿತು, ನೀರಿಗಾಗಿ ಮೈಲಿಗಟ್ಟಲೆ ನಡೆಯುವ ಊರುಗಳಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಆ ಸೀರೆ ಹಳತಾಗುವುದೇ ಇಲ್ಲ, ಹಳತಾದರೂ ಮೆತ್ತಗಾಗದು. ಬೆವರು ಹೀರದು. ಸೂಜಿಯ ಕೆಳಗೆ ಜಾರುತ್ತದೆ, ಪದರಗಳು ಒಂದರ ಮೇಲೊಂದು ಕೂರುವುದಿಲ್ಲ. ಒಲೆಯ ಕಿಡಿ ಬಿದ್ದರೆ ಹತ್ತಿಯಂತೆ ಸುಟ್ಟು ಬೂದಿಯಾಗದೆ ಕರಗಿ ಮೈಗಂಟುತ್ತದೆ. ಹೀಗಾಗಿ ಇಂದು ಅಟ್ಟದ ಗಂಟನ್ನು ಬಿಚ್ಚಿದರೆ ಬಟ್ಟೆ ಬೇಕಾದಷ್ಟಿದೆ, ಕೌದಿಗೆ ಆಗುವ ಬಟ್ಟೆ ಮಾತ್ರ ಇಲ್ಲ. ಇದೇ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ಮಗ್ಗದ ಮೇಲೆ ಒಳ್ಳೆಯ ರೇಷ್ಮೆ ಸೀರೆಗಳು ಇಳಿಯುತ್ತವೆ ನಿಜ. ಮಾರುವ ಸೀರೆ ನೇಯುವವರ ಮನೆಯಲ್ಲಿ ಉಳಿಯುವುದಿಲ್ಲ, ಉಳಿದರೂ ಜರಿ ಕೌದಿಗೆ ಸಲ್ಲದು. ಹೀಗಿರುವಲ್ಲಿ ಪೇಟೆಯ ಹುಡುಗಿ ಹತ್ತಿಯ ಚೌಕಗಳನ್ನು ಪೊಟ್ಟಣದಲ್ಲಿ ತರಿಸಿಕೊಂಡಳೆಂದು ಅವಳನ್ನು ಮೂದಲಿಸುವುದು ಎಷ್ಟರಮಟ್ಟಿಗೆ ಸರಿ?

ಉತ್ತರ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಬೇರೊಂದು ಉತ್ತರವಿದೆ. ಧಾರವಾಡ, ವಿಜಯಪುರಗಳ ಕಡೆ ಗೊಂದಲಿಗರ ಹೆಂಗಸರು ಸೂಜಿ ಹಿಡಿದು ಬೀದಿಯಲ್ಲಿ ಕೂಗುತ್ತ ಬರುತ್ತಾರೆ. ಬಟ್ಟೆ ಮನೆಯವರದು, ಕೈ ಅವರದು. ಜಗಲಿಯ ಮೇಲೆ ಗಂಟನ್ನು ಸುರಿದೊಡನೆ ಆಕೆಯ ಕಣ್ಣು ಆರಿಸತೊಡಗುತ್ತದೆ. ಇದು ಒಳಗೆ, ಇದು ಮೇಲೆ, ಇದು ಬೇಡವೇ ಬೇಡ. ಮನೆಯ ಒಡತಿ ಒಂದು ಚೂರನ್ನು ಹಿಡಿದು ಇದನ್ನು ನಡುವೆ ಹಾಕು ತಾಯಿ ಎಂದರೆ, ಅದನ್ನೂ ಹಾಕುವಳು. ಆರಿಸುವುದು ಇಬ್ಬರ ಮಾತಿನ ನಡುವೆ ಆಗುತ್ತದೆ. ಕಿಟ್ಟು ಕಸಿದುಕೊಂಡಿರುವುದು ಮುಖ್ಯವಾಗಿ ಈ ಮಾತನ್ನು, ಅದರ ಜೊತೆಗೆ ಈ ಹೆಂಗಸಿನ ಕೂಲಿಯನ್ನು. ಪೊಟ್ಟಣಕ್ಕೆ ಕೊಡುವ ಹಣದಲ್ಲಿ ಬಣ್ಣ ಕೂಡಿಸಿದ ಜಾಣತನದ ಬೆಲೆಯೂ ಸೇರಿದೆ. ಅದೇ ಜಾಣತನವನ್ನು ಜಗಲಿಯ ಮೇಲೆ ಕುಳಿತು ತೋರಿಸುವವಳಿಗೆ ನಾವು ಹೊಲಿಗೆಯ ಕೂಲಿಯನ್ನಷ್ಟೇ ಚೌಕಾಸಿ ಮಾಡಿ ಕೊಡುತ್ತೇವೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿಯರು ತಮ್ಮ ಹೊದಿಕೆಯನ್ನು ಕವಂದಿ ಎನ್ನುತ್ತಾರೆ. ಅವರಲ್ಲಿ ನಕ್ಷೆಯೆಂಬುದೇ ಇಲ್ಲ. ಕೆಳಗಿನ ಬಟ್ಟೆಯ ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತು ಸುತ್ತಾಗಿ ಚೂರುಗಳನ್ನು ಹಚ್ಚುತ್ತ ನಡುವಿಗೆ ಬರುತ್ತಾರೆ. ಮುಂದಿನ ಚೂರು ಯಾವುದೆಂಬುದು ಹಿಂದಿನ ಚೂರು ಮುಗಿದಾಗ ತಿಳಿಯುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಮುಕ್ಕೋನದ ಬಟ್ಟೆಯ ಹೂ ಕೂಡಿಸಬೇಕು. ಅದಿಲ್ಲದ ಕವಂದಿ ಬತ್ತಲೆಯೆಂದು ಅವರ ಭಾವನೆ. 2004ರಲ್ಲಿ ಈ ಹೆಂಗಸರ ಸಹಕಾರ ಕೂಟವೊಂದು ಏರ್ಪಟ್ಟು, ಅವರ ಹೊದಿಕೆಗಳು ಹೊರದೇಶಗಳ ಪ್ರದರ್ಶನಗಳಿಗೂ ಹೋದವು. ಅಲ್ಲಿನವರು ಅದರ ಮುಂದೆ ನಿಂತು ನೋಡುವುದು ಬಟ್ಟೆಯ ಬೆಲೆಯನ್ನಲ್ಲ; ಕೆಂಪಿನ ಮಗ್ಗುಲಲ್ಲಿ ಆ ಹಳದಿಯನ್ನು ಇಡುವ ಧೈರ್ಯ ಈಕೆಗೆ ಎಲ್ಲಿಂದ ಬಂತೆಂದು.

ಮನೆಯ ಬಟ್ಟೆಯಿಂದಲೇ ಹೊಲಿಯಬೇಕೆನ್ನುವವರು ಮೊದಲು ಹತ್ತಿಯನ್ನು ಬೇರ್ಪಡಿಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಒಂದು ಎಳೆಯನ್ನು ದೀಪಕ್ಕೆ ಹಿಡಿದರೆ ಸಾಕು: ಹತ್ತಿ ಸುಟ್ಟ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ, ನೈಲಾನು, ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತವೆ. ಹೊಸ ತುಂಡುಗಳನ್ನು ಕತ್ತರಿಸುವುದಕ್ಕೆ ಮುಂಚೆ ಒಮ್ಮೆಯಾದರೂ ಒಗೆಯಬೇಕು. ಕೆಂಪು, ನೀಲಿಗಳನ್ನು ಒದ್ದೆಯ ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು; ಬಣ್ಣ ಬಿಟ್ಟರೆ ಅದಕ್ಕೆ ಒಳಪದರದಲ್ಲಿಯೂ ಎಡೆಯಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಕತ್ತರಿಯಲ್ಲಿ ಉಳಿದ ಚೂರುಗಳು ತೂಕದ ಮೇಲೆ ಮಾರಾಟಕ್ಕೆ ದೊರೆಯುತ್ತವೆ. ಅವುಗಳಲ್ಲಿ ಹತ್ತಿಯನ್ನು ಹುಡುಕಿ ತಂದರೆ ಕಿಟ್ಟಿಗಿಂತ ಬಹಳ ಅಗ್ಗ, ಆರಿಸಿದ ಸುಖವೂ ಸಿಕ್ಕುತ್ತದೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಆ ಕಾರ್ಖಾನೆಗಳಲ್ಲಿಯೇ ದುಡಿಯುತ್ತಿರುವುದರಿಂದ ಅದು ಪೂರ್ತಿ ಯಾರದೂ ಅಲ್ಲದ ಬಟ್ಟೆಯೂ ಅಲ್ಲ.

ಕಿಟ್ಟನ್ನೇ ಕೊಂಡವರು ಅದರಲ್ಲಿನ ಹತ್ತು ಚೌಕಗಳನ್ನು ತೆಗೆದಿಟ್ಟು, ಆ ಜಾಗಕ್ಕೆ ಮನೆಯ ಹಳೆಯ ಬಟ್ಟೆಯನ್ನು ಹಾಕಿ ನೋಡಲಿ. ಹಳತಿನ ಬೆನ್ನಿಗೆ ತೆಳುವಾದ ಬಟ್ಟೆಯೊಂದನ್ನು ಕೊಟ್ಟು ಹೊಲಿದರೆ ಎಳೆತ ಬೀಳುವುದಿಲ್ಲ. ನಕ್ಷೆ ಕೆಡುತ್ತದೆ ನಿಜ. ನಕ್ಷೆ ಬರೆದವರು ನೋಡಲು ಬರುವುದಿಲ್ಲ. ತೆಗೆದಿಟ್ಟ ಹತ್ತು ಚೌಕಗಳಿಗೆ ಅಟ್ಟದ ಗಂಟು ಇದ್ದೇ ಇದೆ. ಅಷ್ಟು ಹೊತ್ತಿಗೆ ಅವೂ ನಾಲ್ಕು ನೀರು ಕಂಡಿರುತ್ತವೆ.