ಸ್ಪೀಡ್ ಏರಿಸಿದ ಕಂಪ್ಯೂಟರ್ ಕಾದ ಹಂಚಾಗ್ತಿದೆಯಾ? ಮೊದಲು ಇಷ್ಟು ನೋಡಿ

ರಾಯಚೂರು: ಏಪ್ರಿಲ್-ಮೇ ಬಂತೆಂದರೆ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ಮದುವೆ ಸೀಸನ್. ವಿಡಿಯೋ ರೆಂಡರಿಂಗ್ ಬೇಗ ಮುಗಿಯಲಿ ಅಂತ ಕೆಲವರು, ಗೇಮ್ ಸರಾಗವಾಗಿ ಓಡಲಿ ಅಂತ ಇನ್ನು ಕೆಲವರು ಪ್ರೊಸೆಸರ್ ಓವರ್‌ಕ್ಲಾಕ್ ಮಾಡ್ತಾರೆ. ಅಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸ್ತಾರೆ. ಆಮೇಲೆ ಫ್ಯಾನ್ ಕೂಗಾಟ, ನಡುವೆಯೇ ಹ್ಯಾಂಗ್, ಇಲ್ಲವೇ ತಾನಾಗಿಯೇ ರೀಸ್ಟಾರ್ಟ್. ಮುಕ್ಕಾಲು ಪಾಲು ಮುಗಿದಿದ್ದ ರೆಂಡರ್ ಮತ್ತೆ ಮೊದಲಿಂದ.

ಬಿಸಿ ಯಾಕೆ ಇಷ್ಟು ಏರುತ್ತೆ?

ವೇಗ ಹೆಚ್ಚಿಸಿದಷ್ಟೇ ಬಿಸಿ ಹೆಚ್ಚೋದಾದ್ರೆ ಚಿಂತೆ ಇರಲಿಲ್ಲ. ಹೆಚ್ಚಿನ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಬಿಸಿಯು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 4.0ರಿಂದ 4.4 ಗಿಗಾಹರ್ಟ್ಸ್‌ಗೆ, ವೋಲ್ಟೇಜ್ 1.20ರಿಂದ 1.32ಕ್ಕೆ ಹೋದರೆ ಎರಡೂ ಏರಿದ್ದು ಶೇ 10 ಮಾತ್ರ. ಬಿಸಿ ಮಾತ್ರ ಸುಮಾರು ಶೇ 33 ಜಾಸ್ತಿ.

ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ, ಎಎಂಡಿ ರೈಜೆನ್ 5 5600ಎಕ್ಸ್‌ಗೆ 95 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಸ್ಪೀಡ್ ಮಾಡಲು ಹೋಗಿ ಸ್ಲೋ ಆಗೋದು ಹೀಗೆ.

ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

1. ಬಯಾಸ್‌ನಲ್ಲಿ ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ಎಚ್‌ಡಬ್ಲ್ಯೂ ಇನ್ಫೋದಂಥ ಸಾಫ್ಟ್‌ವೇರ್‌ನಲ್ಲಿ ತಾಪಮಾನ ನೋಡ್ತಾ ಅರ್ಧ ಗಂಟೆ ಭಾರದ ಕೆಲಸ ಕೊಡಿ. ಆಗಲೂ ಮಿತಿ ಮುಟ್ಟಿದರೆ ತಪ್ಪು ಓವರ್‌ಕ್ಲಾಕ್‌ದಲ್ಲ, ಕೂಲಿಂಗ್‌ನದೇ ಇರಬಹುದು.

2. ಕೆಲಸ ಕೊಟ್ಟ ಕೆಲವೇ ಸೆಕೆಂಡಲ್ಲಿ ಬಿಸಿ ಜಿಗಿದರೆ ಕೂಲರ್ ಸರಿಯಾಗಿ ಕೂತಿಲ್ಲ ಅಂತ ಅನುಮಾನಿಸಿ. ಸ್ಕ್ರೂ, ಪಿನ್ ಸಡಿಲವಿದೆಯಾ, ಪೇಸ್ಟ್ ಒಣಗಿದೆಯಾ, ಹೊಸ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆಯಾ ನೋಡಿ.

3. ಹತ್ತು-ಹದಿನೈದು ನಿಮಿಷದಲ್ಲಿ ನಿಧಾನಕ್ಕೆ ಏರಿದರೆ ಗಾಳಿ ಓಡಾಟ ಸಾಲದು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ನೋಡಿ. ಬಿಸಿ ಚೆನ್ನಾಗಿ ಇಳಿದರೆ ಧೂಳು ತೆಗೆಯಿರಿ, ಫ್ಯಾನ್ ಹೆಚ್ಚಿಸಿ.

4. ಡೀಫಾಲ್ಟ್‌ನಲ್ಲಿ ಚೆನ್ನಾಗಿದ್ದು ಓವರ್‌ಕ್ಲಾಕ್‌ನಲ್ಲಿ ಮಾತ್ರ ಕಾದರೆ ವೋಲ್ಟೇಜ್ 'ಆಟೋ'ದಲ್ಲಿದೆಯಾ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳು ಆಟೋದಲ್ಲಿ ಬೇಕಿದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಡುತ್ತವೆ. ಕೈಯಾರೆ 0.02 ವೋಲ್ಟ್‌ನಂತೆ ಇಳಿಸುತ್ತಾ ಪ್ರತಿ ಸಲ ಪರೀಕ್ಷಿಸಿ. ಹ್ಯಾಂಗ್ ಆದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಬೇಸಿಗೆಯ ಲೆಕ್ಕ ಬೇರೆ

ಗಾಳಿಯ ಕೂಲರ್ ಇರಲಿ, ನೀರಿನ ಕೂಲರ್ ಇರಲಿ, ಕೋಣೆಗಿಂತ ತಣ್ಣಗೆ ಮಾಡಲು ಆಗಲ್ಲ. 25 ಡಿಗ್ರಿ ಕೋಣೆಯಲ್ಲಿ 80 ತೋರಿಸುವ ಪ್ರೊಸೆಸರ್, 40 ಡಿಗ್ರಿ ಕೋಣೆಯಲ್ಲಿ ಸುಮಾರು 95 ತೋರಿಸುತ್ತದೆ. ಡಿಸೆಂಬರ್‌ನಲ್ಲಿ ಕೂಡಿಬಂದ ಸೆಟ್ಟಿಂಗ್ ಮೇ ತಿಂಗಳಲ್ಲಿ ಕೈ ಕೊಡೋದು ಇದಕ್ಕೇ.

ಓವರ್‌ಕ್ಲಾಕ್‌ನಿಂದ ಹಾಳಾದರೆ ವಾರಂಟಿ ಸಿಗದೇ ಹೋಗಬಹುದು, ಅದೂ ನೆನಪಿರಲಿ. ಹೇಳಿದ ದಿನಕ್ಕೆ ವಿಡಿಯೋ ಕೊಡಬೇಕಾದವರು ಬೇಸಿಗೆ ಮುಗಿಯೋವರೆಗೆ ಡೀಫಾಲ್ಟ್‌ನಲ್ಲೇ ಓಡಿಸೋದು ಜಾಣತನ. ಅರ್ಧ ಗಂಟೆ ತಡವಾದ್ರೂ ಕೆಲಸ ಪೂರ್ತಿ ಆಗುತ್ತೆ.