ಮಾಳಿಗೆಗೆ ಮಣ್ಣೋ, ಕಲ್ಲೋ, ಕಾಂಕ್ರೀಟೋ?

ಬಯಲು ಸೀಮೆಯಲ್ಲಿ ಮಾಳಿಗೆ ಎಂಬುದು ಮನೆಯ ಎರಡನೆಯ ಕಣವಿದ್ದಂತೆ. ಮೆಣಸಿನಕಾಯಿ, ತೊಗರಿ, ಹಪ್ಪಳ ಒಣಗುವುದು ಅಲ್ಲಿ. ಬೇಸಗೆಯ ರಾತ್ರಿ ಮನೆಮಂದಿ ಮಲಗುವುದೂ ಅಲ್ಲಿ. ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರಗಿ ಕಡೆಯ ರೈತರು ಇಳಿಜಾರು ಹೆಂಚಿಗಿಂತ ಮಟ್ಟಸ ಛಾವಣಿಯನ್ನೇ ನೆಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ತಾವು ಹೊಸ ಮನೆ ಕಟ್ಟುವವರಾಗಿರಲಿ, ಹಳೆಯ ಮಾಳಿಗೆ ಇಳಿಸುವವರಾಗಿರಲಿ, ಮೇಸ್ತ್ರಿ ಹೇಳಿದುದಕ್ಕೆ ತಲೆಯಾಡಿಸುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳಿತು.

ಮೊದಲು ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು. ಮೇಲ್ಪದರಕ್ಕೆ ಸವುಳು ಮಣ್ಣು. ಬೆಳೆಗೆ ಬಾರದ ಈ ಮಣ್ಣನ್ನು ಹಿರಿಯರು ಮಾಳಿಗೆಗೆ ಆರಿಸಿದುದರಲ್ಲಿ ವಿಜ್ಞಾನವಿದೆ. ಸೋಡಿಯಂ ಅಂಶ ಹೆಚ್ಚಿರುವ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಚದುರಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ಆಮೇಲೆ ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೇರಿಗೆ ಉಸಿರು ಕಟ್ಟಿಸುವ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ. ಆದರೆ ಸವುಳು ಎನ್ನುವುದೆಲ್ಲ ಒಂದೇ ಅಲ್ಲ. ಬರಿಯ ಬಿಳಿ ಉಪ್ಪು ಮೇಲೆದ್ದ ನೆಲದ ಮಣ್ಣು ನೀರನ್ನು ಬಿಟ್ಟುಕೊಡುತ್ತದೆ. ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ಒಣಗಿದ ಹೆಂಟೆಯ ಚೂರೊಂದನ್ನು ಮೆಲ್ಲಗೆ ಬಿಡಿ. ಅಲುಗಿಸಬೇಡಿ. ಚೂರಿನ ಸುತ್ತ ಹಾಲಿನಂತೆ ಕದಡು ಎದ್ದು ಮರುದಿನವೂ ತಿಳಿಯಾಗದಿದ್ದರೆ ಅದು ಮಾಳಿಗೆಗೆ ಬರುವ ಮಣ್ಣು. ಬಾವಿಯ ಗಡಸು ನೀರಿನಲ್ಲಿ ಈ ಪರೀಕ್ಷೆ ನಂಬುವಂತಿಲ್ಲ. ಎರೆಮಣ್ಣನ್ನಂತೂ ಹಾಕಬಾರದು, ಒಣಗಿದಾಗ ಬಿರಿದು ಮೊದಲ ಮಳೆಗೇ ಸೋರುತ್ತದೆ.

ಮಣ್ಣಿನ ಮಾಳಿಗೆ ಬೇಸಗೆಯಲ್ಲಿ ತಂಪು, ಖರ್ಚೂ ಕಡಿಮೆ. ಅಪಾಯವಿರುವುದು ಅದರ ಭಾರದಲ್ಲಿ. ವರ್ಷವರ್ಷವೂ ಮೇಲೆ ಹೊಸ ಮಣ್ಣು ಬೀಳುತ್ತದೆಯೇ ಹೊರತು ಹಳೆಯದನ್ನು ಕೆತ್ತಿ ತೆಗೆಯುವವರು ವಿರಳ. ನೆನೆದ ಮಣ್ಣು ಒಂದು ಘನ ಅಡಿಗೆ ಸುಮಾರು 50 ಕಿಲೋ ತೂಗುತ್ತದೆ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ, ಮಲಗಿದವರ ತಲೆಯ ಮೇಲೆ 6 ಟನ್ ಭಾರ! ಅದೇ ಕೋಣೆಗೆ 4 ಅಂಗುಲದ ಕಾಂಕ್ರೀಟು ಹಾಕಿದರೆ 3 ಟನ್ನಿಗೂ ಕಡಿಮೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿದಾಗ ಸುಮಾರು 10 ಸಾವಿರ ಜನ ಸತ್ತರು. ಹೆಚ್ಚಿನವರು ಸತ್ತದ್ದು ತಮ್ಮದೇ ಮನೆಯ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಅಡಿಯಲ್ಲಿ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೂ ಮಣ್ಣಿನ ಮನೆಗಳು ಬಹಳ ಕುಸಿದವು. ಆದ್ದರಿಂದ ಹಳೆಯ ಮಾಳಿಗೆ ಉಳಿಸಿಕೊಳ್ಳುವವರು ಹೊಸ ಮಣ್ಣು ಹಾಕುವ ಮುನ್ನ ಅಷ್ಟೇ ಹಳೆಯ ಮಣ್ಣನ್ನು ಇಳಿಸಬೇಕು. ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಚೂಪಾದ ಮೊಳೆಯಿಂದ ಚುಚ್ಚಿ ನೋಡಿ. ಗೆದ್ದಲು, ಕೊಳೆ ಮೊದಲು ಹಿಡಿಯುವುದು ಅಲ್ಲಿಯೇ. ಮೊಳೆ ಸಲೀಸಾಗಿ ಇಳಿದರೆ ಆ ಕೋಣೆಯಲ್ಲಿ ಮಲಗುವುದನ್ನು ಅಂದೇ ಬಿಡಿ.

ಕಲ್ಲು ಚಪ್ಪಡಿ ಸಿಗುವ ಕಡೆ ಅದೂ ಒಳ್ಳೆಯದೇ. ಗೆದ್ದಲಿಲ್ಲ, ತುಕ್ಕಿಲ್ಲ. ಕಲ್ಲು ಒತ್ತಡವನ್ನು ತಾಳಿದಷ್ಟು ಬಾಗುವಿಕೆಯನ್ನು ತಾಳುವುದಿಲ್ಲವಾದ್ದರಿಂದ ಅಗಲದ ಕೋಣೆಗೆ ನಡುವೆ ತೊಲೆ ಬೇಕೇ ಬೇಕು. ಕೂದಲೆಳೆಯಷ್ಟು ಬಿರುಕಿದ್ದ ಚಪ್ಪಡಿಯನ್ನೂ ತೆಗೆದುಕೊಳ್ಳಬೇಡಿ.

ಇಂದು ಬಹು ಮಂದಿಯ ಒಲವು ಕಾಂಕ್ರೀಟಿನತ್ತ. ತಪ್ಪೇನಿಲ್ಲ, ಆದರೆ ಕೆಟ್ಟ ಕಾಂಕ್ರೀಟು ಒಳ್ಳೆಯ ಮಣ್ಣಿಗಿಂತ ಕಡೆ. ಸಿಮೆಂಟು ಒಂದು ಪಾಲು, ಮರಳು ಒಂದೂವರೆ, ಜಲ್ಲಿ ಮೂರು ಪಾಲು ಇರಲಿ. ನೀರು ಹೆಚ್ಚಾದಷ್ಟೂ ಕಲಸುವವನಿಗೆ ಸುಖ, ಛಾವಣಿಗೆ ಕೇಡು. 50 ಕಿಲೋ ಚೀಲಕ್ಕೆ 27 ಲೀಟರು ನೀರು ಮೀರಬಾರದು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಉಪ್ಪು ನೀರನ್ನು ಎಷ್ಟು ಮಾತ್ರಕ್ಕೂ ಬಳಸಬೇಡಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕೆಳಗಿನ ಗಾರೆಯನ್ನು ಉದುರಿಸುತ್ತದೆ. ಬೆಳೆಗೆ ಆಗದಷ್ಟು ಉಪ್ಪಾದ ನೀರು ಕಬ್ಬಿಣಕ್ಕೂ ಆಗದು. ಸರಳುಗಳು ಅಚ್ಚಿನ ಹಲಗೆಗೆ ಅಂಟಿಕೊಳ್ಳದಂತೆ 20 ಮಿ.ಮೀ. ದಪ್ಪದ ಸಿಮೆಂಟು ಬಿಲ್ಲೆಗಳನ್ನು ಅಡಿಗೆ ಕೊಡಿಸಿ. ಕೋಣೆಯ ನಡುವೆ ಮುಖ್ಯ ಸರಳು ಕೆಳಗಿರಬೇಕು. ಗೋಡೆಯಿಂದ ಹೊರಚಾಚಿದ ಸಜ್ಜಾದಲ್ಲಿ ಮೇಲಿರಬೇಕು. ಇದು ಅದಲುಬದಲಾದರೆ ಸಜ್ಜಾ ಮುರಿದು ಬೀಳುತ್ತದೆ. ಸರಳಿನ ಗಾತ್ರ, ಅಂತರವನ್ನು ಇಂಜಿನಿಯರರಿಂದ ಬರೆಸಿಕೊಳ್ಳಿ. ಹಾಕಿದ ಮರುದಿನದಿಂದ ಮೇಲೆ ಬದು ಕಟ್ಟಿ ಗದ್ದೆಯಂತೆ ನೀರು ನಿಲ್ಲಿಸಿ. ನಮ್ಮ ಬಿಸಿಲಿಗೆ 14 ದಿನವಾದರೂ ಬೇಕು.

ಮಣ್ಣುಗಾರೆಯ ಹಳೆಯ ಗೋಡೆಯ ಮೇಲೆ ನೇರವಾಗಿ ಕಾಂಕ್ರೀಟು ಕೂರಿಸುವುದು ಮಾತ್ರ ಬೇಡ. ಗೋಡೆ ಬಲವಾಗಿದ್ದು, ಸುತ್ತಲೂ ಕಬ್ಬಿಣದ ಸರಳಿರುವ ಕಾಂಕ್ರೀಟು ಪಟ್ಟಿ ಹಾಕಿದ ಮೇಲಷ್ಟೇ ಆ ವಿಚಾರ.

ಕಾಂಕ್ರೀಟಿನ ದೊಡ್ಡ ದೋಷ ಸೆಕೆ. ಹಗಲು ಕುಡಿದ ಬಿಸಿಲನ್ನು ರಾತ್ರಿ ಕೋಣೆಯೊಳಗೆ ಉಗುಳುತ್ತದೆ. ಮೇಲೆ 3–4 ಅಂಗುಲ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಕಿಸಿ, 5 ಅಡಿಗೆ 1 ಅಂಗುಲದಂತೆ ಹರನಾಳಿಗೆಯ ಕಡೆಗೆ ಇಳಿಜಾರು ಕೊಡಿಸಿದರೆ ಸೆಕೆಯೂ ತಗ್ಗುತ್ತದೆ, ನೀರೂ ನಿಲ್ಲುವುದಿಲ್ಲ. ಬೇಸಗೆಗೆ ಮುನ್ನ ಮಾಳಿಗೆಗೆ ಬಿಳಿ ಸುಣ್ಣ ಬಳಿಯಿರಿ. ಕಾಳು ಒಣಹಾಕುವ ದಿನ ಮಾತ್ರ ಕೆಳಗೆ ತಾಡಪತ್ರಿ ಹಾಸಿ. ಸುಣ್ಣದ ಪುಡಿ ತೊಗರಿಗೆ ಅಂಟಿದರೆ ಮಾರುಕಟ್ಟೆಯಲ್ಲಿ ಬೆಲೆ ಇಳಿಸುತ್ತಾರೆ.